ಎಲಚಿ ಗಿಡದ ಗೂಡು

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಗಲು ಹೊಲದ ಕೆಲಸ, ರಾತ್ರಿ ಭಜನೆಯಲ್ಲಿ ತತ್ವಪದ, ಇದೇ ನನ್ನ ಬದುಕು. ವಾಚನಾಲಯದವರು ಬಂದು "ಈ ಸಲದ ಪುಸ್ತಕಕ್ಕೆ ನೀವೂ ಒಂದು ಚರಿತ್ರೆಯ ಲೇಖನ ಕೊಡಬೇಕು" ಅಂದರು. "ಲೇಪಾಕ್ಷಿ ಗುಡಿ, ಪೆನುಕೊಂಡೆ ಕೋಟೆ ಬಗ್ಗೆ ಬರೆಯೋಕೆ ಓದಿದವರು ಇದಾರಲ್ಲ, ನಾನೇನು ಬರೀಲಿ?" ಅಂದೆ. "ನಿಮಗೆ ಗೊತ್ತಿರೋದು ಬರೀರಿ" ಅಂದರು. ನನಗೆ ಗೊತ್ತಿರೋದು ಹುಳ. ಹುಳಕ್ಕೂ ಚರಿತ್ರೆ ಇದೆ ಅಂತ ನನಗೆ ತಡವಾಗಿ ತಿಳೀತು. ಅದನ್ನೇ ಬರೀತೀನಿ. ತಪ್ಪಿದ್ದರೆ ಮೇಷ್ಟ್ರುಗಳು ತಿದ್ದಬೇಕು.

ನಮ್ಮದು ಗಡಿ ಸೀಮೆ. ಈ ಕಡೆ ಹಿಂದೂಪುರ, ಆ ಕಡೆ ಕಲ್ಯಾಣದುರ್ಗ, ನಡುವೆ ಕರ್ನಾಟಕದ ಪಾವಗಡ ತಾಲ್ಲೂಕು ತೂರಿಕೊಂಡು ಬಂದು ಕೂತಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. 1882ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಅನಂತಪುರ ಜಿಲ್ಲೆ ಆಯಿತು. 2022ರಲ್ಲಿ ಅನಂತಪುರವೂ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅಲ್ಲೇ ಉಳೀತು. ಜಿಲ್ಲೆ ಎಷ್ಟು ಸಲ ಒಡೆದರೂ ಹೊಲದ ಬದುವಿನ ಎಲಚಿ ಗಿಡ ಎರಡೂ ಕಡೆ ಒಂದೇ. ನಾವು ಎಲಚಿ ಅಂತೀವಿ, ಅವರು ರೇಗು ಅಂತಾರೆ.

ನಾನು ಹುಡುಗನಾಗಿದ್ದಾಗ, ಬೇಸಿಗೆಯಲ್ಲಿ ಎಲೆ ಉದುರಿದ ಎಲಚಿ ಗಿಡದಲ್ಲಿ ಒಂದು ಗೂಡು ನೇತಾಡುತ್ತಿತ್ತು. ಪಾರಿವಾಳದ ಮೊಟ್ಟೆಗಿಂತ ದೊಡ್ಡದು, ಬೂದು ಬಣ್ಣ, ಕಲ್ಲಿನ ಹಾಗೆ ಗಟ್ಟಿ. ಅದಕ್ಕೊಂದು ತೊಟ್ಟು, ತೊಟ್ಟಿನ ತುದಿಯಲ್ಲಿ ಉಂಗುರ. ಆ ಉಂಗುರ ಕಡ್ಡಿಯನ್ನು ಬಿಗಿಯಾಗಿ ಸುತ್ತಿಕೊಂಡಿತ್ತು. ಎಳೆದರೂ ಬರಲಿಲ್ಲ, ಕಡ್ಡಿ ಮುರಿದೇ ತಂದೆ. ನಮ್ಮಜ್ಜಿ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಆಮೇಲೆ ನನ್ನ ಕಿವಿಗೆ ಹಿಡಿದಳು. ಒಳಗೆ 'ಟಕ್ ಟಕ್' ಅಂತು. "ಜೀವ ಐತೆ ಕಣೋ, ಮಳೆ ಬಂದ ಮೇಲೆ ಎದ್ದು ಹೋಗುತ್ತೆ. ಎಲ್ಲಿಂದ ತಂದ್ಯೋ ಅಲ್ಲೇ ಕಟ್ಟಿ ಬಾ" ಅಂದಳು. ಬಾಳೆ ನಾರಿನಲ್ಲಿ ಕಟ್ಟಿ ಬಂದೆ.

ಅದು ಕಾಡು ರೇಷ್ಮೆಯ ಗೂಡು. ಪುಸ್ತಕದಲ್ಲಿ ಟಸರ್ ಅಂತಾರೆ. ಎಲಚಿ, ಮತ್ತಿ, ದಿಂಡಿಗ ಮುಂತಾದ ಮರಗಳ ಎಲೆ ತಿಂದು ಬದುಕುವ ಹುಳ. ಜಾರ್ಖಂಡ್, ಛತ್ತೀಸ್‌ಗಡ, ಒಡಿಶಾದ ಕಾಡಿನ ಜನ ಇದನ್ನು ಮರದ ಮೇಲೇ ಕಾದು ಬೆಳೆಸಿ ಜೀವನ ಮಾಡ್ತಾರೆ. ಅದಕ್ಕಾಗಿ ರಾಂಚಿಯಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೇ ಇದೆ. ನಮ್ಮ ಸೀಮೆಯಲ್ಲಿ ಇದರಿಂದ ಯಾರೂ ಬಟ್ಟೆ ಮಾಡಿದ್ದು ನಾನು ಕಂಡಿಲ್ಲ. ಆದರೆ ಇದು ಬಹಳ ಹಳೇ ಪದಾರ್ಥ. ರೇಷ್ಮೆ ಅಂದರೆ ಚೀನಾದಿಂದ ಬಂದದ್ದು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ವಿ. ಹಿಪ್ಪುನೇರಳೆ ರೇಷ್ಮೆಯ ಮಟ್ಟಿಗೆ ಅದು ನಿಜ. ಆದರೆ ಸಿಂಧೂ ಬಯಲಿನ ಹರಪ್ಪ, ಚನ್ಹುದಾರೊ ಊರುಗಳಲ್ಲಿ ಸಿಕ್ಕ ಮಣಿ ಮತ್ತು ತಾಮ್ರದ ಒಡವೆಗಳಿಗೆ ಅಂಟಿದ್ದ ಎಳೆಗಳನ್ನು ಪರೀಕ್ಷಿಸಿದಾಗ ಅವು ಕಾಡು ರೇಷ್ಮೆಯ ಎಳೆಗಳೆಂದು ತಿಳಿಯಿತು. ಅದು 2009ರಲ್ಲಿ ಪ್ರಕಟವಾಯಿತು. ಆ ಒಡವೆಗಳಿಗೆ ನಾಲ್ಕು ಸಾವಿರ ವರ್ಷಕ್ಕೂ ಮೇಲೆ ವಯಸ್ಸು. ಅಂದರೆ ನಮ್ಮ ನಾಡಿನಲ್ಲಿ ಯಾವುದೋ ತಾಯಿ ಆಗಲೇ ಇಂಥ ಗೂಡನ್ನು ಬಿಡಿಸಿ ದಾರ ಮಾಡಿದ್ದಳು.

ಇನ್ನು ಹಿಪ್ಪುನೇರಳೆಯ ಹುಳ. ಇದು ನಮ್ಮ ಕಡೆಗೆ ಬಂದ ಕಥೆ ಎಲ್ಲರೂ ಕೇಳಿರೋದೇ. 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ, ಮಸ್ಕತ್ತಿನಿಂದ ಹುಳ ತರಿಸಲು ಏರ್ಪಾಟು ಮಾಡಿದ. ತನ್ನ ರಾಜ್ಯದಲ್ಲಿ 21 ಕಡೆ ಸಾಕಬೇಕು ಅಂತ ಪತ್ರ ಬರೆಸಿದ. ಆಗ ನಮ್ಮ ಸೀಮೆಯೂ ಅವನ ಕೈಯಲ್ಲೇ ಇತ್ತು. 1799ರಲ್ಲಿ ಅವನು ಸತ್ತ ಮೇಲೆ ಇದು ನಿಜಾಮನ ಪಾಲಿಗೆ ಬಂತು, 1800ರಲ್ಲಿ ನಿಜಾಮ ಇದನ್ನು ಕಂಪನಿಗೆ ಬಿಟ್ಟುಕೊಟ್ಟ. ರಾಜರು ಬದಲಾದರು, ಹುಳ ಮೈಸೂರು ಸೀಮೆಯಲ್ಲಿ ಉಳೀತು, ಅಲ್ಲಿಂದ ಬೇರು ಬಿಡ್ತಾ ಬಂತು. ಇವತ್ತು ಹಿಂದೂಪುರದಲ್ಲಿ ದೊಡ್ಡ ಗೂಡಿನ ಮಾರುಕಟ್ಟೆ ಇದೆ. ಪಕ್ಕದ ಕಿರಿಕೆರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ.

ನಮ್ಮಪ್ಪನೂ ನಾನೂ 1976ರಲ್ಲಿ ಅರ್ಧ ಎಕರೆ ಹಿಪ್ಪುನೇರಳೆ ನಾಟಿ ಮಾಡಿದ್ವಿ. ಮನೆಯ ಅರ್ಧ ಭಾಗ ಹುಳಕ್ಕೆ, ಅರ್ಧ ಭಾಗ ನಮಗೆ. ನಾಲ್ಕು ಜ್ವರ ಕಳೆದು, ಹುಳ ಹಣ್ಣಾಗಿ ಚಂದ್ರಿಕೆ ಹತ್ತುವ ತನಕ ಅಮ್ಮನಿಗೆ ನಿದ್ದೆ ಇರಲಿಲ್ಲ. ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆ ರೋಗ ಎಲ್ಲ ಕಂಡಿದ್ವಿ, ತಡಕೊಂಡಿದ್ವಿ. ತಡಕೊಳ್ಳಲಾಗದ್ದು ಊಜಿ ನೊಣ. 1980ರಲ್ಲಿ ಬಂಗಾಳದ ಕಡೆಯಿಂದ ಬಂದ ಗೂಡಿನ ಜೊತೆ ಈ ನೊಣ ಕರ್ನಾಟಕಕ್ಕೆ ಬಂತು. ಒಂದೆರಡು ವರ್ಷದಲ್ಲಿ ನಮ್ಮ ಮನೆಗೂ ಬಂತು. ಹುಳದ ಮೈಮೇಲೆ ಸಾಸಿವೆಗಿಂತ ಸಣ್ಣ ಬಿಳೀ ಮೊಟ್ಟೆ ಇಡುತ್ತೆ. ಅಲ್ಲಿ ಕಪ್ಪು ಮಚ್ಚೆ ಬೀಳುತ್ತೆ. ನೊಣದ ಮರಿ ಹುಳವನ್ನು ಒಳಗಿನಿಂದ ತಿಂದು, ಗೂಡು ತೂತು ಮಾಡಿಕೊಂಡು ಹೊರಗೆ ಬೀಳುತ್ತೆ. ತೂತಾದ ಗೂಡಿನಿಂದ ನೂಲು ತೆಗೆಯೋಕೆ ಬರಲ್ಲ. ಆ ವರ್ಷ ಎರಡು ಬೆಳೆ ಹೋಯಿತು, ಜೋಡಿ ಎತ್ತು ಮಾರಿದ್ವಿ. ಆಮೇಲೆ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಹಾಕೋದು ಕಲಿತ್ವಿ, ನೊಣದ ಮೇಲೆ ಬಿಡುವ ಸಣ್ಣ ಕಣಜವೂ ಬಂತು. ಆದರೆ ಎತ್ತಿನ ಕೊಟ್ಟಿಗೆ ಖಾಲಿ ಆಗಿದ್ದು ಮಾತ್ರ ನಾನು ಮರೆತಿಲ್ಲ. ಮುಂದಿನ ಕಥೆಗೆ ಇದು ಬೇಕು, ಅದಕ್ಕೇ ಹೇಳಿದೆ.

ಬೋರ್‌ವೆಲ್ ಬತ್ತಿದ ಮೇಲೆ ಹಿಪ್ಪುನೇರಳೆ ಬಿಟ್ಟೆ. ಹುಳ ಇಲ್ಲದ ಮನೆ ಬಿಕೋ ಅಂತಿತ್ತು. 2011ರ ಬೇಸಿಗೆಯಲ್ಲಿ ಕಲ್ಯಾಣದುರ್ಗದ ಕಡೆಯ ನಮ್ಮ ಭಾವನ ಊರಿಗೆ ಭಜನೆಗೆ ಹೋಗಿದ್ದೆ. ಭಾವ ಅಂದರೆ ನಮ್ಮಕ್ಕನ ಗಂಡ, ಕಡಲೆಕಾಯಿ ಬೆಳೆಯೋರು, ನನಗೆ ಹಿಮ್ಮೇಳ. ಅವರ ಬದುವಿನ ಎಲಚಿ ಗಿಡದಲ್ಲಿ ಅದೇ ಗೂಡು ಕಂಡೆ, ಐವತ್ತು ವರ್ಷದ ಹಿಂದೆ ಅಜ್ಜಿ ಅಲ್ಲಾಡಿಸಿದಂಥದೇ.

"ಭಾವ, ಇದೇನು ಗೊತ್ತಾ?"

"ಅಡವಿ ಪಟ್ಟು ಪುರುಗು ಅಂತಾರಪ್ಪ. ಯಾಕೆ, ಇದನ್ನೂ ಮಾರುಕಟ್ಟೆಗೆ ಹಾಕ್ತೀಯಾ?"

"ಇಲ್ಲ. ಮಳೆ ಬಂದಾಗ ಏನಾಗುತ್ತೋ ಸುಮ್ಮನೆ ನೋಡೋಣ."

ಹೀಗೆ ಶುರುವಾಯಿತು. ಲಾಭವಿಲ್ಲದ ಕೆಲಸ. ಊರವರು ನಕ್ಕರು. ಅಕ್ಕ ಮಾತ್ರ ನಗಲಿಲ್ಲ, ಮೊಮ್ಮಗನ ಹಳೇ ನೋಟ್‌ಬುಕ್ ತಂದು "ನೋಡಿದ್ದು ಹೇಳಿ, ನಾನು ಬರೀತೀನಿ" ಅಂದಳು. ಭಾವನ ಮನೆಯಲ್ಲಿ ಕಂಡದ್ದನ್ನು ಅವರು ಫೋನಿನಲ್ಲಿ ಹೇಳೋರು, ನಮ್ಮ ಬದುವಿನಲ್ಲಿ ಕಂಡದ್ದನ್ನು ನಾನು ಹೇಳ್ತಿದ್ದೆ, ಪುಸ್ತಕ ಅಕ್ಕನ ಹತ್ತಿರ. ನಮ್ಮೂರ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಒಬ್ಬರು ಸೇರಿಕೊಂಡರು. ನಾವು ಕೇಳಿದ್ದಕ್ಕೆ ಅವರು ಪುಸ್ತಕ ಓದಿ ಉತ್ತರ ಹೇಳೋರು. ಭಜನೆ ಮೇಳ ಹೇಗೋ ಇದೂ ಹಾಗೇ, ಒಬ್ಬರು ಎತ್ತಿಕೊಟ್ಟರೆ ಇನ್ನೊಬ್ಬರು ಹಿಡಿಯೋದು.

ನೋಟ್‌ಬುಕ್ಕಿನಲ್ಲಿ ಇರೋದರಲ್ಲಿ ಸ್ವಲ್ಪ ಹೇಳ್ತೀನಿ. ಮೊದಲ ಮಳೆ ಬಿದ್ದ ಮೇಲೆ ಒಂದು ಸಂಜೆ ಗೂಡಿನ ತುದಿ ಒದ್ದೆಯಾಯಿತು. ಚಿಟ್ಟೆ ಬಾಯಿಂದ ಒಂದು ರಸ ಬಿಟ್ಟು ಕಲ್ಲಿನಂಥ ಗೂಡನ್ನು ಮೆತ್ತಗೆ ಮಾಡಿಕೊಂಡು ಹೊರಗೆ ಬರುತ್ತೆ. ರೆಕ್ಕೆ ಅಗಲಿಸಿದರೆ ನನ್ನ ಗೇಣಿಗೂ ಹತ್ತಿರ. ನಾಲ್ಕು ರೆಕ್ಕೆಗೂ ಒಂದೊಂದು ಕಣ್ಣು, ಆ ಕಣ್ಣಿನ ನಡುವೆ ಗಾಜಿನಂತೆ ಆಚೆ ಕಾಣುತ್ತೆ. ಈ ಚಿಟ್ಟೆ ಏನೂ ತಿನ್ನಲ್ಲ, ಹುಳವಾಗಿದ್ದಾಗ ತಿಂದದ್ದರಲ್ಲೇ ಒಂದು ವಾರದಷ್ಟು ಬದುಕುತ್ತೆ. ಮನೆ ಹುಳದ ಚಿಟ್ಟೆ ಸಾವಿರಾರು ವರ್ಷ ಮನುಷ್ಯರ ತಟ್ಟೆಯಲ್ಲಿ ಇದ್ದು ಹಾರೋದೇ ಮರೆತಿದೆ, ಇದ್ದಲ್ಲೇ ರೆಕ್ಕೆ ಬಡಿಯುತ್ತೆ ಅಷ್ಟೆ. ಇದು ಹಾಗಲ್ಲ, ಹಾರಿಹೋಗುತ್ತೆ.

ಆದರೆ ಹೆಣ್ಣು ಮೊದಲ ರಾತ್ರಿ ಹಾರಲಿಲ್ಲ. ಗೂಡಿಗೇ ಜೋತುಬಿದ್ದು ಕೂತಿತ್ತು. ನಡುರಾತ್ರಿ ದಾಟಿದ ಮೇಲೆ ಎಲ್ಲಿಂದಲೋ ಗಂಡು ಬಂತು. ಹತ್ತಿರದ ಯಾವ ಗಿಡದಲ್ಲೂ ಇನ್ನೊಂದು ಗೂಡು ನಾವು ಕಂಡಿರಲಿಲ್ಲ. "ಕರೆದದ್ದು ಯಾರು, ಕೇಳಿಸಿದ್ದು ಹೇಗೆ?" ಅಂತ ಭಾವ ಕೇಳಿದರು. ಮೇಷ್ಟ್ರು ಅದಕ್ಕೆ ಒಂದು ಕಥೆ ಹೇಳಿದರು, ನಿಜವಾದ ಕಥೆ.

ಫ್ರಾನ್ಸ್ ದೇಶದಲ್ಲಿ ಫಾಬ್ರ್ ಅಂತ ಒಬ್ಬ ಮೇಷ್ಟ್ರು ಇದ್ದ. 1823ರಲ್ಲಿ ಹುಟ್ಟಿದವನು, ಬಡವ. ಮನೆಯಲ್ಲಿ, ಹಿತ್ತಲಿನಲ್ಲಿ ಹುಳ ನೋಡೋದೇ ಅವನ ಹುಚ್ಚು. ಒಂದು ಮೇ ತಿಂಗಳ ಬೆಳಿಗ್ಗೆ ಅವನ ಮನೆಯಲ್ಲಿ ಕಾಡು ರೇಷ್ಮೆ ಜಾತಿಯ ದೊಡ್ಡ ಹೆಣ್ಣು ಚಿಟ್ಟೆ ಗೂಡಿನಿಂದ ಬಂತು. ಅದನ್ನು ತಂತಿ ಬಲೆಯ ಕೆಳಗೆ ಇಟ್ಟ. ರಾತ್ರಿ ಅವನ ಮಗ ಕೂಗಿಕೊಂಡ. ಹೋಗಿ ನೋಡಿದರೆ ಮನೆ ತುಂಬ ಗಂಡು ಚಿಟ್ಟೆ, ಸುಮಾರು 40. ವರ್ಷಗಟ್ಟಲೆ ಪರೀಕ್ಷೆ ಮಾಡಿ, ಹೆಣ್ಣಿನ ಮೈಯಿಂದ ಮನುಷ್ಯರ ಮೂಗಿಗೆ ತಿಳಿಯದ ವಾಸನೆ ಹೊರಡುತ್ತೆ ಅನ್ನೋ ಕಡೆಗೆ ಅವನು ಬಂದ. ಆ ವಾಸನೆಯ ಪದಾರ್ಥವನ್ನು ಬೇರೆ ಮಾಡಿ ತೋರಿಸಿದ್ದು 1959ರಲ್ಲಿ, ಜರ್ಮನಿಯ ಬುಟೆನಾಂಟ್ ಎಂಬ ವಿಜ್ಞಾನಿ. ಅದಕ್ಕೆ ನಮ್ಮ ಮನೆ ಹುಳದ ಹೆಣ್ಣು ಚಿಟ್ಟೆ ಸುಮಾರು ಐದು ಲಕ್ಷ ಬೇಕಾದವಂತೆ.

ಇದೇ ಫಾಬ್ರ್ ಮೇಷ್ಟ್ರ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. 1865ರಲ್ಲಿ ಫ್ರಾನ್ಸಿನಲ್ಲಿ ರೇಷ್ಮೆ ಹುಳಕ್ಕೆ ಗಂಟು ರೋಗ ಬಂದು ರೈತರು ಹಾಳಾಗಿದ್ದರು. ಸರ್ಕಾರ ಲೂಯಿ ಪಾಶ್ಚರ್ ಅವರನ್ನು ಕಳಿಸಿತು. ಹುಚ್ಚುನಾಯಿ ಕಡಿತಕ್ಕೆ ಮುಂದೆ ಲಸಿಕೆ ಕಂಡುಹಿಡಿದರಲ್ಲ, ಅವರೇ. ಅವರು ದಾರಿಯಲ್ಲಿ ಫಾಬ್ರ್ ಮನೆಗೆ ಬಂದು "ಗೂಡು ನೋಡಬೇಕಿತ್ತು" ಅಂದರು. ಕೈಗೆ ಕೊಟ್ಟರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಒಳಗೆ ಏನೋ ಇದೆಯಲ್ಲ?" ಅಂತ ಆಶ್ಚರ್ಯಪಟ್ಟರಂತೆ. ಹುಳ ಕೋಶವಾಗಿ ಗೂಡಿನೊಳಗೆ ಮಲಗುತ್ತೆ ಅನ್ನೋದೂ ಆಗ ಅವರಿಗೆ ತಿಳಿದಿರಲಿಲ್ಲ. ಆದರೆ ಕೇಳೋಕೆ ನಾಚಿಕೊಳ್ಳಲಿಲ್ಲ. ಕೆಲವೇ ವರ್ಷದಲ್ಲಿ, ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಇದ್ದರೆ ಆ ಮೊಟ್ಟೆ ಸುಟ್ಟುಹಾಕುವ ಪದ್ಧತಿ ತಂದರು. ಇವತ್ತಿಗೂ ಮೊಟ್ಟೆ ತಯಾರಿಸುವ ಕಡೆ ಅದೇ ಪದ್ಧತಿ. ನಮ್ಮ ಮನೆಗೆ ಬರುತ್ತಿದ್ದ ಮೊಟ್ಟೆ ಹಾಳೆಯ ಹಿಂದೆ ಪಾಶ್ಚರ್ ಇದ್ದರು, ಅವರ ಹಿಂದೆ ಒಬ್ಬ ಬಡ ಮೇಷ್ಟ್ರು ಇದ್ದ. ನಮ್ಮಜ್ಜಿಗೆ ಅವರಿಬ್ಬರ ಹೆಸರೂ ಗೊತ್ತಿರಲಿಲ್ಲ, ಗೂಡು ಅಲ್ಲಾಡಿಸೋದು ಗೊತ್ತಿತ್ತು.

ಈಗ ನಮ್ಮ ತಪ್ಪು ಹೇಳಬೇಕು. ಅದನ್ನು ಬಿಟ್ಟು ಬರೆದರೆ ಇದು ಚರಿತ್ರೆ ಆಗಲ್ಲ.

ಮೊದಲ ಎರಡು ವರ್ಷ ಎಲ್ಲ ಚೆನ್ನಾಗಿತ್ತು. ಹೆಣ್ಣು ಇಟ್ಟ ಮೊಟ್ಟೆ ಅಕ್ಕ ಎಣಿಸಿದಾಗ 164. ಒಂಬತ್ತನೇ ದಿನ ಮರಿ ಆದವು, ತಮ್ಮ ಮೊಟ್ಟೆಯ ಸಿಪ್ಪೆಯನ್ನೇ ಮೊದಲು ತಿಂದವು. ಆಮೇಲೆ ಹಸಿರು ಮೈ, ಪಕ್ಕದಲ್ಲಿ ಬೆಳ್ಳಿಯಂತೆ ಹೊಳೆಯುವ ಚುಕ್ಕೆ. ಮುಟ್ಟಿದರೆ ತಲೆ ಎತ್ತಿ ಕಡ್ಡಿ ಹಿಡಿದು ಕೂತುಬಿಡ್ತವೆ. ಆದರೆ ಗಿಡದ ಮೇಲೆ ಇರುವೆ, ಕಣಜ, ಕಾಗೆ ಬಿಡಬೇಕಲ್ಲ, ಕೊನೆಗೆ ಐದೋ ಆರೋ ಉಳೀತಿದ್ದವು. 2013ರಲ್ಲಿ ನನಗೆ ಆಸೆ ಹತ್ತಿತು. "ನಾನು ಮನೆ ಹುಳ ಸಾಕಿದವನು, ಇವನ್ನೂ ಸಾಕಬಲ್ಲೆ" ಅಂತ ಭಾವನ ಗಿಡದಲ್ಲಿದ್ದ ಎಲ್ಲಾ ಮರಿ ಆರಿಸಿ ಬುಟ್ಟಿಯಲ್ಲಿ ಹಾಕಿದೆ. ಭಾವ "ಒಂದಷ್ಟು ಬಿಡು" ಅಂದರು, ಕೇಳಲಿಲ್ಲ. ಮೂರನೇ ಜ್ವರ ಆಗುವಷ್ಟರಲ್ಲಿ ರೋಗ ಬಿತ್ತು. ಹುಳಗಳು ಕಪ್ಪಗಾಗಿ, ತಲೆ ಕೆಳಗಾಗಿ ಜೋತುಬಿದ್ದು, ನೀರಾದವು. ನಾಲ್ಕು ದಿನದಲ್ಲಿ ಬುಟ್ಟಿ ಖಾಲಿ. ಮನೆ ಹುಳದ ಹಾಗೆ ಒತ್ತೊತ್ತಾಗಿ ಬದುಕುವ ಜಾತಿ ಇದಲ್ಲ ಅಂತ ಆಮೇಲೆ ತಿಳೀತು.

ಮುಂದಿನ ವರ್ಷ ಗಿಡದಲ್ಲಿ ಒಂದು ಗೂಡೂ ಇರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಅಕ್ಕ ನೋಟ್‌ಬುಕ್ಕಿನಲ್ಲಿ 'ಇಲ್ಲ' ಅಂತ ಬರೆದು ದಿನಾಂಕ ಹಾಕಿದಳು.

ಆಗ ದೂರದ ಊರಿನವರೊಬ್ಬರು ಭಾವನಿಗೆ ಆಸೆ ತೋರಿಸಿದರು. ಬೇರೆ ಕಡೆಯ ಕಾಡು ರೇಷ್ಮೆ ಮೊಟ್ಟೆ ಅಂಚೆಯಲ್ಲಿ ಕಳಿಸ್ತೀವಿ, ಗಿಡಕ್ಕೆ ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತೆ ಅಂತ. ಭಾವ ಒಪ್ಪಿದ್ದರು. ನನಗೆ ಊಜಿ ನೊಣ ನೆನಪಾಯಿತು.

"ಬೇಡ ಭಾವ. ಅದರ ಜೊತೆ ಏನು ಬರುತ್ತೋ ಯಾರಿಗೆ ಗೊತ್ತು?"

"ಗಿಡ ಖಾಲಿ ಮಾಡಿದೋನು ನೀನು. ತುಂಬೋಕೆ ಹೊರಟರೆ ಅಡ್ಡ ಬರೋನೂ ನೀನೇ?"

ಮಾತು ನಿಜ, ಅದಕ್ಕೇ ಚುಚ್ಚಿತು. ಮೂರು ತಿಂಗಳು ನಾವು ಮಾತಾಡಲಿಲ್ಲ. ಒಂದು ಏಕಾದಶಿ ಭಜನೆಗೆ ಹಿಮ್ಮೇಳ ಇಲ್ಲದೇ ಹಾಡಿದೆ, ದನಿ ಏಳಲಿಲ್ಲ.

ಸಂಧಾನ ಮಾಡಿದ್ದು ಮೇಷ್ಟ್ರು. ಭಾವನ ಮನೆಗೇ ಹೋಗಿ ಇನ್ನೊಂದು ಸಂಗತಿ ಓದಿ ಹೇಳಿದರು. ಅಮೆರಿಕದ ಬಾಸ್ಟನ್ ಹತ್ತಿರ ಮೆಡ್‌ಫರ್ಡ್ ಅಂತ ಊರು. ಅಲ್ಲಿ ಟ್ರೂವೆಲೊ ಅನ್ನೋನು ನಮ್ಮ ಹಾಗೇ ಹುಳದ ಹುಚ್ಚಿನವನು. ಅಲ್ಲಿನ ಕಾಡು ರೇಷ್ಮೆ ಹುಳವನ್ನು ಮನೆ ಹಿಂದಿನ ಜಾಗಕ್ಕೆ ಬಲೆ ಕಟ್ಟಿ ಲಕ್ಷಗಟ್ಟಲೆ ಸಾಕಿದ್ದ. 1860ರ ದಶಕದ ಕೊನೆಗೆ ಯೂರೋಪಿನಿಂದ ಬೇರೆ ಜಾತಿಯ ಚಿಟ್ಟೆಯ ಮೊಟ್ಟೆ ತರಿಸಿದ. ಅವುಗಳಲ್ಲಿ ಕೆಲವು ತಪ್ಪಿಸಿಕೊಂಡವು. ಅವನು ಹೇಳಿಕೊಂಡನಂತೆ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇಪ್ಪತ್ತು ವರ್ಷ ಕಳೆದು 1889ರಲ್ಲಿ ಆ ಊರಿನ ಮರಗಳೆಲ್ಲ ಎಲೆ ಇಲ್ಲದೇ ಬೋಳಾದವು, ಗೋಡೆ ಬೀದಿ ತುಂಬ ಕಂಬಳಿಹುಳ. ಅಮೆರಿಕದವರು ಇವತ್ತಿಗೂ ಆ ಹುಳದ ಜೊತೆ ಹೋರಾಡ್ತಾ ಇದಾರೆ. ಅವನೇನು ಕೆಟ್ಟವನಲ್ಲ, ನಮ್ಮ ಹಾಗೆ ಆಸೆಯವನು.

ಭಾವ ಕೇಳಿ ಸುಮ್ಮನಿದ್ದು, "ಅಂಚೆ ಬೇಡ ಅಂತ ಹೇಳಿಬಿಡಿ. ನಮ್ಮದು ಬರೋವರೆಗೂ ಕಾಯೋಣ" ಅಂದರಂತೆ. ಆ ರಾತ್ರಿಯೇ ನನಗೆ ಫೋನ್ ಮಾಡಿದರು. ಹುಳದ ಮಾತು ಎತ್ತಲಿಲ್ಲ, "ಶನಿವಾರ ಭಜನೆ ಎಲ್ಲಿ?" ಅಂತ ಕೇಳಿದರು.

2016ರ ಬೇಸಿಗೆಯಲ್ಲಿ ಎಲೆ ಉದುರಿದಾಗ ಭಾವನ ಗಿಡದಲ್ಲಿ ಒಂದು ಗೂಡು ಇತ್ತು. ಯಾವ ಬದುವಿನಿಂದ ತಾಯಿ ಹಾರಿ ಬಂದಿತ್ತೋ. ಅಕ್ಕ ಅದನ್ನು ಕೀಳಲಿಲ್ಲ, ಕೊಂಬೆ ಬಗ್ಗಿಸಿ ಕಿವಿ ಕೊಟ್ಟು ಅಲ್ಲಾಡಿಸಿದಳು. ಪುಸ್ತಕದಲ್ಲಿ 'ಒಂದು. ಜೀವ ಐತೆ' ಅಂತ ಬರೆದಳು.

ಅಲ್ಲಿಂದ ನಮಗೆ ನಾವೇ ಕಟ್ಟಳೆ ಮಾಡಿಕೊಂಡಿದ್ದೀವಿ. ಶಾಲೆಯ ಮಕ್ಕಳಿಗೆ ತೋರಿಸುವ ಮೇಷ್ಟ್ರುಗಳು ಇದನ್ನು ಗಮನಿಸಬೇಕು. ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಟ್ಟಬಾರದು. ಸಾಕುವುದಾದರೂ ಬುಟ್ಟಿಯಲ್ಲಿ ಅಲ್ಲ, ಗಿಡದ ಕೊಂಬೆಗೇ ಸೊಳ್ಳೆ ಪರದೆಯ ಚೀಲ ಕಟ್ಟಿ, ಒಂದು ಚೀಲಕ್ಕೆ ನಾಲ್ಕೈದೇ ಬಿಡಬೇಕು. ಎಲೆ ಮುಗಿದರೆ ಚೀಲ ಬೇರೆ ಕೊಂಬೆಗೆ ಹಾಕಬೇಕು. ಚಿಟ್ಟೆಯನ್ನು ಅದು ಎದ್ದ ಊರಿನಲ್ಲೇ ಬಿಡಬೇಕು. ಹೊರಗಿನ ಮೊಟ್ಟೆ, ಗೂಡು ತರಬಾರದು, ಇಲ್ಲಿಯದು ಹೊರಗೆ ಕಳಿಸಬಾರದು. ಮನೆಯಲ್ಲಿ ಹಿಪ್ಪುನೇರಳೆ ಹುಳ ಇದ್ದರೆ, ಕಾಡು ಹುಳ ಮುಟ್ಟಿದ ಕೈಯಲ್ಲಿ ಅಲ್ಲಿಗೆ ಹೋಗಬಾರದು. ಚಿಟ್ಟೆ ಎದ್ದು ಹೋದ ಖಾಲಿ ಗೂಡು ಮಾತ್ರ ಮಕ್ಕಳಿಗೆ. ಆಫ್ರಿಕಾದ ದಕ್ಷಿಣದ ಜನ ಅಂಥ ಕಾಡುಗೂಡಿಗೆ ಸಣ್ಣ ಕಲ್ಲು ತುಂಬಿ, ಕಾಲಿಗೆ ಗೆಜ್ಜೆ ಮಾಡಿ ಕಟ್ಟಿ ಕುಣೀತಾರಂತೆ. ನಾನೂ ನಾಲ್ಕು ಗೂಡಿನ ಗೆಜ್ಜೆ ಮಾಡಿಕೊಂಡಿದ್ದೀನಿ. ಕಂಚಿನ ಗೆಜ್ಜೆಯಷ್ಟು ಸದ್ದಿಲ್ಲ, ಒಣಗಿದ ಕಡಲೆಕಾಯಿ ಅಲ್ಲಾಡಿಸಿದ ಹಾಗೆ ಬರುತ್ತೆ.

ಒಂದು ಬೇಡಿಕೆ ಇದೆ. ಈಗ ಬದು ಅಗಲ ಮಾಡೋಕೆ, ಕೆರೆ ಏರಿ ಸರಿ ಮಾಡೋಕೆ ಜೆಸಿಬಿ ಬಂದರೆ ಮೊದಲು ಹೋಗೋದೇ ಎಲಚಿ. ಮುಳ್ಳು ಗಿಡ, ಯಾರಿಗೂ ಬೇಡ. ಉಳಿದಿದ್ದಕ್ಕೆ ಕಳೆ ಔಷಧಿ. ಆ ಗಿಡ ಹೋದರೆ ಈ ಹುಳ ಎಲ್ಲಿಗೆ ಬರಬೇಕು? ನಮ್ಮೂರ ಕೆರೆ ಏರಿಯ ಕೆಳಗೆ ಮೂರು ಎಲಚಿ ಗಿಡ ಉಳಿದಿವೆ. ಅವನ್ನಾದರೂ ಬಿಡಿ ಅಂತ ಊರ ಹಿರಿಯರನ್ನು ಕೈ ಮುಗಿದು ಕೇಳ್ಕೋತೀನಿ.

ಅಕ್ಕನಿಗೆ ಈಗ ಕಣ್ಣು ಮಂಜು, ಮೊಟ್ಟೆ ಎಣಿಸೋಕೆ ಆಗಲ್ಲ. ನೋಟ್‌ಬುಕ್ ವಾಚನಾಲಯಕ್ಕೆ ಕೊಟ್ಟಿದ್ದೀವಿ, ದಿನಪತ್ರಿಕೆ ಇಡುವ ಮೇಜಿನ ಮೇಲಿದೆ. ಪುಸ್ತಕದಲ್ಲಿ ಇನ್ನೂ ಇಪ್ಪತ್ತು ಹಾಳೆ ಖಾಲಿ ಇವೆ. ಪೆನ್ನು ದಾರದಲ್ಲಿ ಕಟ್ಟಿದ್ದೀವಿ. ಯಾವ ಬದುವಿನಲ್ಲಿ ಗೂಡು ಕಂಡರೂ ದಿನಾಂಕ, ಜಾಗ, ಎಷ್ಟು ಅಂತ ಬರೀರಿ. ಕಾಣದಿದ್ದರೆ 'ಇಲ್ಲ' ಅಂತಲೂ ಬರೀರಿ.